ಎರಡೂ ಎಡ

ಇಸ್ತ್ರಿಯ ಆವಿ ಸುಯ್ಯೆಂದಿತು, ಒದ್ದೆ ಉಣ್ಣೆಯ ವಾಸನೆ ಬಂತು, ಗೋಡೆಯ ಮೇಲೆ ಆವಿಯ ನೆರಳು ಏರಿ ಕರಗಿತು, ಅದರ ಹಿಂದೆ ಮೊಳೆಗೆ ನೇತು ಹಾಕಿರುವ ಆ ಎರಡು ತೋಳುಗಳು ಅಲ್ಲಾಡಿದ ಹಾಗೆ ಕಂಡವು – ಅಲ್ಲಾಡಿಲ್ಲ, ಫ್ಯಾನಿನ ಗಾಳಿ – ಇವತ್ತು ಅತ್ತ ನೋಡುವುದಿಲ್ಲ ಎಂದುಕೊಂಡೇ ಮೆಟ್ಟಿಲು ಹತ್ತಿದ್ದೆ, ಇನ್ನೂ ಹೆಗಲಿನ ಚೀಲ ಇಳಿಸಿಲ್ಲ, ನೋಡಿಯಾಯಿತು. ಎರಡೂ ಕಂದು, ಎರಡೂ ಕಾರ್ಡುರಾಯ್, ಎರಡರ ಮೊಣಕೈಯೂ ಒಂದೇ ಕಡೆಗೆ ಬಾಗಿದೆ, ಒಬ್ಬನೇ ಮನುಷ್ಯನಿಗೆ ಎರಡು ಎಡಗೈ ಇದ್ದ ಹಾಗೆ. ಅಂಗಡಿಯಮ್ಮ ತಾವೇ ಸ್ಟೂಲು ಹತ್ತಿ ಮೊಳೆ ಹೊಡೆದು ನೇತು ಹಾಕಿದ್ದು, ಇಲ್ಲೇ ಇರಲಿ ಕಣೇ, ಕತ್ತರಿ ಹಿಡಿದಾಗೆಲ್ಲ ಕಣ್ಣಿಗೆ ಬೀಳಲಿ, ಮಾಸ್ತರಂಥ ಮಾಸ್ತರೇ ಎಡವಿದ್ರು ಅಂದ್ಮೇಲೆ ನೀನೆಷ್ಟರವಳು – ಹ್ಞೂಂ ಅಮ್ಮಾ ಅಂದೆ, ಸ್ಟೂಲು ಅಲ್ಲಾಡದ ಹಾಗೆ ಹಿಡಿದು ನಿಂತಿದ್ದವಳು ನಾನೇ, ಮೊಳೆ ಎತ್ತಿ ಕೊಟ್ಟವಳೂ ನಾನೇ. ಇವತ್ತಿನಿಂದ ಈ ಮೇಜು ನನ್ನದು. ಆರು ವರ್ಷ ಇದರ ಈ ತುದಿಯಲ್ಲಿ ನಿಂತು ಆ ತುದಿಯನ್ನು ನೋಡಿದ್ದೇನೆ, ಆ ತುದಿಯ ಮರ ಕಟಿಂಗ್ ಮಾಸ್ತರರ ಹೊಟ್ಟೆ ತಗುಲಿ ತಗುಲಿ ನುಣ್ಣಗಾಗಿದೆ, ನಾನು ಅಲ್ಲಿ ನಿಂತರೆ ಅಂಚು ಪಕ್ಕೆಲುಬಿಗೆ ಒತ್ತುತ್ತದೆ, ಒಂದು ಮಣೆ ಹಾಕಿಕೊಂಡು ನಿಲ್ಲಬೇಕು ಅಂತ ಕಾಣುತ್ತದೆ. ಎದುರಿಗೆ ಹೊಸ ಬಟ್ಟೆ, ಅದೂ ಕಾರ್ಡುರಾಯ್, ಅದೂ ಕಂದು, ಆದರೆ ಕೂದಲೆಳೆಯಷ್ಟು ಕೆಂಪು ಹೆಚ್ಚು, ಅಂಗಡಿಯಮ್ಮ ಒಂಬತ್ತು ದಿನ ಅಂಗಡಿ ಅಂಗಡಿ ಅಲೆದು ತಂದದ್ದು, ಒಂದು ಜೊತೆ ತೋಳಿಗೆ ಸಾಕು, ಬೆರಳಗಲ ಹೆಚ್ಚಿಲ್ಲ. ನಾಲ್ಕು ಗಂಟೆಗೆ ಅಂಚೆಯವರು ಟ್ರಯಲ್ಲಿಗೆ ಬರುತ್ತಾರೆ, ಬದುಕಿಡೀ ಇಲಾಖೆಯ ಸಮವಸ್ತ್ರ ತೊಟ್ಟು ಈಗ ನಿವೃತ್ತರಾದವರು, ತಮ್ಮದೇ ಅಂತ ಒಂದು ಕೋಟು ಹೊಲಿಸುತ್ತಿರುವುದು ಇದೇ ಮೊದಲು, ಮೊದಲಿನ ಬಟ್ಟೆಯನ್ನು ಮಗಳು ಕೊಡಿಸಿದ್ದು, ಅವಳ ಮೊದಲ ಸಂಬಳದಲ್ಲಿ, ಅಳತೆ ಕೊಡುವಾಗ ಕೈ ಚಾಚಿ ನಿಂತು ಮೂರು ಸಲ ಹೇಳಿದರು ಅದನ್ನು. ಮಗಳು ಕೊಡಿಸಿದ ಬಟ್ಟೆ ಮೊಳೆಗೆ ನೇತಾಡುತ್ತಿದೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಅಂಗಡಿಯಮ್ಮ ಸಿಕ್ಕರು, ಅಮ್ಮಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು ಅಂದೆ, ಅವರು ಬೀಗದ ಕೈ ಹುಡುಕುತ್ತಾ, ಮೊದ್ಲು ತೋಳು ಕತ್ತರಿಸಮ್ಮ, ಮಾತೆಲ್ಲಿಗೆ ಹೋಗುತ್ತೆ ಅಂದರು. ಮಾತು ಎಲ್ಲಿಗೂ ಹೋಗಿಲ್ಲ. ಹನ್ನೆರಡು ದಿನದಿಂದ ಇಲ್ಲೇ ಇದೆ, ನಾಲಿಗೆಯ ಕೆಳಗೆ.

ಆ ತೋಳುಗಳನ್ನು ಕತ್ತರಿಸಿದ್ದು ನಾನು. ಅಷ್ಟೇ ಮಾತು. ಐದು ಪದವೂ ಆಗುವುದಿಲ್ಲ, ಮನಸ್ಸಿನೊಳಗೆ ಎಷ್ಟು ಸಲೀಸಾಗಿ ಹೇಳುತ್ತೇನೆ, ಬಸ್ಸಿನಲ್ಲಿ ಹೇಳುತ್ತೇನೆ, ಹಲ್ಲುಜ್ಜುವಾಗ ಹೇಳುತ್ತೇನೆ, ಅಂಗಡಿಯಮ್ಮನ ಮುಖ ನೋಡಿದ ಕೂಡಲೇ ಅದಕ್ಕೆ ಮುನ್ನುಡಿ ಬೇಕಾಗುತ್ತದೆ, ಮುನ್ನುಡಿಗೆ ಇನ್ನೊಂದು ಮುನ್ನುಡಿ – ಯಾಕೆಂದರೆ ತೋಳು ಕತ್ತರಿಸಿದ್ದು ನಾನು ಅಂದರೆ, ನೀನ್ಯಾಕೆ ಕತ್ತರಿಸಿದೆ ಅಂತ ಕೇಳುತ್ತಾರೆ, ಒಂದೂವರೆ ವರ್ಷದಿಂದ ನಾನೇ ಕತ್ತರಿಸುತ್ತಿದ್ದೇನೆ ಅನ್ನಬೇಕು, ಯಾಕೆ ಅಂದರೆ ಮಾಸ್ತರರ ಕಣ್ಣಿನ ನಡುವಿನಲ್ಲಿ ಒಂದು ಕಪ್ಪು ಚುಕ್ಕೆ, ಅಂಚೆಲ್ಲ ಕಾಣುತ್ತದೆ, ನೋಡಬೇಕಾದ್ದೇ ಕಾಣುವುದಿಲ್ಲ, ಡಾಕ್ಟರು ಇದಕ್ಕೆ ಕನ್ನಡಕ ಇಲ್ಲ ಅಂದರಂತೆ. ಬೆನ್ನಿನ ತುಂಡು, ಮುಂಭಾಗ, ಉದ್ದದ ಗೆರೆಗಳು, ಅವೆಲ್ಲ ಅವರ ಕೈಗೆ ಬಾಯಿಪಾಠ, ಕಣ್ಣು ಮುಚ್ಚಿಯೂ ಕತ್ತರಿಸುತ್ತಿದ್ದರು, ತೋಳಿನ ಮೇಲ್ಭಾಗದ ತಿರುವು ಬಂತೆಂದರೆ ಕತ್ತರಿ ನಿಲ್ಲುತ್ತಿತ್ತು, ಇಂಜಿನಿಯರಮ್ಮಾ, ಬಾ ಇಲ್ಲಿ, ಈ ಸೀಮೆಸುಣ್ಣ ಎಲ್ಲಿ ಬಿತ್ತು ನೋಡು ಅನ್ನುತ್ತಿದ್ದರು, ಸೀಮೆಸುಣ್ಣ ಬಿದ್ದಿರುತ್ತಿರಲಿಲ್ಲ, ನಾನು ಹೋಗುತ್ತಿದ್ದೆ, ಅವರು ಬಾಗಿಲ ಕಡೆ ಬೆನ್ನು ಮಾಡಿ ಅಗಲವಾಗಿ ನಿಂತು ಅಡ್ಡವಾಗುತ್ತಿದ್ದರು, ಅವರ ನೆರಳಿನಲ್ಲಿ ನಾನು ತೋಳು ಕತ್ತರಿಸುತ್ತಿದ್ದೆ. ಇಂಜಿನಿಯರಮ್ಮ ಅಂತ ಕರೆಯುವುದು ಸಂಜೆ ತರಗತಿಗೆ ಸೇರಿದ ಮೇಲೆ ಶುರುವಾಗಿದ್ದು, ಅಲ್ಲಿ ಕಾಗದದ ಮೇಲೆ ಸ್ಕೇಲು ಹಿಡಿದು ಕೋಟಿನ ನಮೂನೆ ಬರೆಯುವುದನ್ನು ಕಲಿಸುತ್ತಾರೆ, ಎದೆಯ ಸುತ್ತಳತೆಯ ನಾಲ್ಕನೇ ಒಂದು ಭಾಗ, ಅದಕ್ಕೆ ಇಷ್ಟು ಕೂಡಿಸು, ಆ ಬಿಂದುವಿನಿಂದ ಈ ಬಿಂದುವಿಗೆ ಕಮಾನು. ಮಾಸ್ತರು ನನ್ನ ನೋಟ್‌ಬುಕ್ಕನ್ನು ಮೂಗಿನ ಹತ್ತಿರ ಹಿಡಿದು ಓರೆಯಾಗಿ ನೋಡಿ, ಚೆನ್ನಾಗಿದೆ ಕಣಮ್ಮ, ಕಾಗದದ ಮೇಲೆ ಯಾರಿಗೂ ಹೊಟ್ಟೆ ಇರಲ್ಲ, ಯಾರ ಭುಜವೂ ಇಳಿದಿರಲ್ಲ, ಇಂಥ ಗಿರಾಕಿ ಒಬ್ಬ ಸಿಕ್ಕಿದ್ರೆ ನಾನೂ ಇಂಜಿನಿಯರೇ ಅಂದರು. ನಗುತ್ತಿದ್ದರು. ಎರಡು ವರ್ಷ ನಾನು ಮಕ್ಕಳ ಶಾಲೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಕಲಿತದ್ದಕ್ಕೆ ಅವರೊಬ್ಬರೇ ನಕ್ಕವರು, ಉಳಿದವರು ನಗಲೂ ಇಲ್ಲ, ಅಣ್ಣನಂತೂ ಬಟ್ಟೆ ಕತ್ತರಿಸೋಕೂ ಡಿಪ್ಲೊಮಾನಾ, ಹಾಗಾದ್ರೆ ಈರುಳ್ಳಿ ಹೆಚ್ಚೋಕೆ ನಿಮ್ಮತ್ತಿಗೆಗೆ ಡಾಕ್ಟರೇಟ್ ಕೊಡ್ಬೇಕು ಅಂದ, ಅತ್ತಿಗೆ ಒಳಗಿನಿಂದ ಕೊಡ್ಲಿ ಕೊಡ್ಲಿ, ಗೋಡೆಗೆ ಹಾಕ್ಕೋತೀನಿ ಅಂದಳು, ಅದು ತಮಾಷೆಯೇ, ಆದರೂ ನನಗೆ ಅನ್ನ ಇಳಿಯಲಿಲ್ಲ.

ಅಣ್ಣ ತನ್ನ ಆಫೀಸಿನಲ್ಲಿ ಒಂದು ಕುರ್ಚಿ ನೋಡಿದ್ದ ನನಗೆ, ಬರುವವರ ಹೆಸರು ಬರೆದುಕೊಂಡು ಒಳಗೆ ಫೋನು ಮಾಡುವುದು, ಅಷ್ಟೇ ಕೆಲಸ, ಕೂತು ಮಾಡೋದು ಬಿಟ್ಟು ನಿಂತು ಮಾಡೋದು ಹಿಡ್ಕೊಂಡಿದೀಯಲ್ಲ, ನಾಳೆ ಕಾಲು ಊದಿದ್ರೆ ನನ್ನ ಹತ್ರ ಬರ್ಬೇಡ ಅಂದ. ಈ ಬಟ್ಟೆಯ ಕೆಲಸವೇ ಯಾಕೆ ಬೇಕು ಅಂತ ಕೇಳಿದ್ದರೆ ಏನು ಹೇಳುತ್ತಿದ್ದೆ, ಹೇಳಲು ಬರುತ್ತಿರಲಿಲ್ಲ, ಚಪ್ಪಟೆ ಬಿದ್ದಿರುವ ಒಂದು ವಸ್ತುವಿನೊಳಗೆ ಒಂದು ಮೈ ಇದೆ, ಅದರ ಅಂಚು ನನಗೆ ಕಾಣುತ್ತದೆ, ಕತ್ತರಿ ಆ ಅಂಚಿನ ಮೇಲೆ ಹೋಗುವಾಗ ಕೆಳಗೆ ಮೇಜಿನ ಮರದಲ್ಲಿ ಒಂದು ಸದ್ದು ಬರುತ್ತದೆ, ಖರ್‌ರ್ ಅಂತ, ಆ ಸದ್ದು ಹೊಟ್ಟೆಯೊಳಗೆ ಬರುತ್ತದೆ – ಇದನ್ನು ಅಣ್ಣನಿಗೆ ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಆದರೆ ಸದ್ದು ನನ್ನದಾಗಿರಲಿಲ್ಲ. ಮಾಸ್ತರರ ನೆರಳಿನಲ್ಲಿ ಕದ್ದು ಕೇಳಿದ ಸದ್ದು. ಕೋಟು ಮುಗಿದಾಗ ಗಿರಾಕಿ ಕನ್ನಡಿಯ ಮುಂದೆ ಕೈಯೆತ್ತಿ ಇಳಿಸಿ, ಏನ್ ತೋಳು ಕೂರ್ಸಿದೀರಿ ಮಾಸ್ತರೇ, ಬೆಣ್ಣೆ ಥರ ಇದೆ ಅನ್ನುತ್ತಿದ್ದರು, ಮಾಸ್ತರು ನನ್ನ ಕಡೆಗೆ ತಿರುಗದೆ, ಎಲ್ಲ ಕೈಗುಣ ಸ್ವಾಮಿ ಅನ್ನುತ್ತಿದ್ದರು. ಯಾರ ಕೈ ಅಂತ ಹೇಳುತ್ತಿರಲಿಲ್ಲ. ಒಂದೂವರೆ ವರ್ಷ. ನಾನು ಗುಂಡುಸೂಜಿ ಹೆಕ್ಕುತ್ತಾ ಮನಸ್ಸಿನಲ್ಲಿ ಒಂದೊಂದನ್ನೂ ನೆನಪಿಟ್ಟುಕೊಂಡಿದ್ದೆ, ಇದು ನನ್ನದು, ಇದೂ ನನ್ನದು, ಆ ನೀಲಿ ಕೋಟು ನನ್ನದು. ಬೆಣ್ಣೆಯಂಥ ತೋಳುಗಳೆಲ್ಲ ಅವರದಾದವು, ಹಾಗಾಗಿ ಕೆಟ್ಟದ್ದೂ ಅವರದಾಗಲಿ – ಛೆ, ಹಾಗೆ ಯೋಚಿಸಿದ್ದೆನೇ ನಾನು ಆ ಹೊತ್ತು, ಇಲ್ಲ, ಆ ಹೊತ್ತು ಏನೂ ಯೋಚಿಸಿರಲಿಲ್ಲ, ಆಮೇಲೆ ಯೋಚಿಸಿದೆ, ಆಮೇಲೆ ಯೋಚಿಸಿದ್ದು ಹೆಚ್ಚು ಹೊಲಸು.

ಏನಮ್ಮಾ, ಶುರು ಮಾಡಿದ್ಯಾ – ಹೊರಗಿನ ಕೋಣೆಯಿಂದ ಅಂಗಡಿಯಮ್ಮ. ಗೆರೆ ಹಾಕ್ತಾ ಇದೀನಮ್ಮಾ. ಹಾಕುತ್ತಿಲ್ಲ. ಅಂಗೈಯನ್ನು ಬಟ್ಟೆಯ ಮೇಲೆ ಇಟ್ಟುಕೊಂಡಿದ್ದೇನೆ, ಮೇಲಿನಿಂದ ಕೆಳಕ್ಕೆ ಸವರಿದರೆ ನುಣುಪು, ಕೆಳಗಿನಿಂದ ಮೇಲಕ್ಕೆ ಸವರಿದರೆ ಒರಟು, ಬೆಕ್ಕಿನ ಬೆನ್ನಿನ ಹಾಗೆ. ಈ ಬಟ್ಟೆಯ ಗುಣವೇ ಅದು, ಎಲ್ಲ ತುಂಡುಗಳ ರೋಮವೂ ಒಂದೇ ದಿಕ್ಕಿಗೆ ಇರಬೇಕು, ಮಡಿಚಿ ಎರಡು ಪದರ ಮಾಡಿ ಕತ್ತರಿಸಿದರೆ ಒಂದರ ಮೇಲೊಂದು ಜಾರುತ್ತದೆ, ಅದಕ್ಕೆ ಬಿಡಿಸಿ ಒಂದೇ ಪದರ ಹಾಸಬೇಕು, ನಮೂನೆಯನ್ನು ಇಟ್ಟು ಎಡತೋಳು ಕತ್ತರಿಸಬೇಕು, ಆಮೇಲೆ ನಮೂನೆಯನ್ನು ಮಗುಚಬೇಕು, ದೋಸೆ ಮಗುಚಿದ ಹಾಗೆ ಅಂತ ಕಾಜಾ ಅಕ್ಕ – ಗುಂಡಿ ಹಚ್ಚುವ, ಗುಂಡಿಯ ತೂತಿಗೆ ಕಾಜ ಹೊಲಿಯುವ ಅಕ್ಕ, ನನಗಿಂತ ಹದಿನೈದು ವರ್ಷ ದೊಡ್ಡವಳು – ಅವಳು ಮೊದಲ ವಾರ ಹೇಳಿಕೊಟ್ಟಿದ್ದಳು, ಮಗುಚಿ ಇಟ್ಟರೆ ಬಲತೋಳು. ಮಗುಚದಿದ್ದರೆ ಇನ್ನೊಂದು ಎಡ. ಮಕ್ಕಳಿಗೂ ಗೊತ್ತಾಗುವ ಸಂಗತಿ. ಸಾಲಿನ ಕೊನೆಯ ಮೆಷಿನ್ನಿನವಳಿಗೂ ಗೊತ್ತು. ಆವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಊಟ ಮಾಡದೆ ಒಂದು ಬಾಡಿಗೆ ಕೋಣೆ ನೋಡಲು ಓಡಿದ್ದೆ, ಮೂರನೇ ಮಹಡಿ, ಒಂದೇ ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಬಾಗಿಲಿನ ಬೀಗ ಒಂದು ಸಲ ಎತ್ತಿ ತಿರುಗಿಸಿದರೆ ಮಾತ್ರ ತೆರೆದುಕೊಳ್ಳುತ್ತದೆ, ಒಬ್ಬಳೇನಾ ಅಂತ ಮನೆಯೊಡತಿ ಮೂರು ಸಲ ಕೇಳಿದಳು, ಒಬ್ಬಳೇ ಅಂದೆ, ಮೂರನೇ ಸಲ ಹೇಳುವಾಗ ನನಗೇ ನಗು ಬಂತು, ಸಂತೋಷಕ್ಕೆ. ಅಣ್ಣನ ಮನೆಯಲ್ಲಿ ನಾನು ಮಲಗುವುದು ಬಚ್ಚಲಿಗೆ ಹೋಗುವ ಓಣಿಯಲ್ಲಿ, ಮಡಚುವ ಮಂಚ, ಬೆಳಿಗ್ಗೆ ಮೊದಲು ಎದ್ದವರು ನನ್ನ ಕಾಲು ದಾಟಿಕೊಂಡು ಹೋಗುತ್ತಾರೆ, ಯಾರೂ ತುಳಿಯುವುದಿಲ್ಲ, ಪ್ರೀತಿಯಿಂದಲೇ ದಾಟುತ್ತಾರೆ, ಇಪ್ಪತ್ತನಾಲ್ಕು ವರ್ಷದವಳನ್ನು. ಮಾಸ್ತರರ ಸಂಬಳ ಬಂದರೆ ಮಾತ್ರ ಆ ಕೋಣೆಯ ಬಾಡಿಗೆ ನನಗೆ ಎಟುಕುತ್ತಿತ್ತು, ಅವರ ಕೆಳಗಿನವಳ ಸಂಬಳದಲ್ಲಿ ಅಲ್ಲ, ಆದರೂ ನೋಡಲು ಹೋಗಿದ್ದೆ, ನೋಡುವುದರಲ್ಲಿ ಏನು ತಪ್ಪು. ವಾಪಸು ಬಂದಾಗ ತಲೆಯ ತುಂಬ ಕಿಟಕಿ, ಮೇಜನ್ನು ಕಿಟಕಿಗೆ ಅಡ್ಡಲಾಗಿ ಹಾಕುವುದೋ ಉದ್ದಕ್ಕೆ ಹಾಕುವುದೋ – ಸೀಮೆಸುಣ್ಣ ಎಲ್ಲಿ ಬಿತ್ತು ನೋಡು ಅಂದರು ಮಾಸ್ತರು. ಹೋದೆ. ಮಾಸ್ತರರ ನಮೂನೆ ಹಳೆಯ ರಟ್ಟಿನದು, ಅಂಚು ಸವೆದದ್ದು, ಒಂದು ಮಗ್ಗುಲಿಗೆ ಎಂಥದೋ ಬಟ್ಟೆಯ ತೇಪೆ ಅಂಟಿಸಿಕೊಂಡು ಬಟ್ಟೆಯ ಮೇಲೆ ಸಮನಾಗಿ ಕೂರದ್ದು, ಅದನ್ನು ನೋಡಿದರೇ ನನಗೆ ಕಿರಿಕಿರಿ, ಅಂಚೆಯವರ ಕೋಟಿಗಾಗಿ ಹಿಂದಿನ ಭಾನುವಾರ ಕೂತು ಹೊಸ ನಮೂನೆ ಮಾಡಿದ್ದೆ, ಸಂಜೆ ತರಗತಿಯ ಲೆಕ್ಕದಲ್ಲಿ, ಬಿಳಿ ಕಾಗದ, ಎರಡು ಕಡೆಯೂ ಚೊಕ್ಕ, ಒಂದು ಗೀಟಿಲ್ಲ, ಒಂದು ಕಲೆಯಿಲ್ಲ. ಎರಡು ಕಡೆಯೂ ಒಂದೇ ಥರ. ಅದನ್ನು ಇಟ್ಟು ಕತ್ತರಿಸಿದೆ. ಖರ್‌ರ್. ಎತ್ತಿದೆ, ಬಟ್ಟೆಯ ಆಚೆ ತುದಿಗೆ ಒಯ್ದೆ, ಕಿಟಕಿಗೆ ಉದ್ದಕ್ಕೇ ಹಾಕುವುದು ಒಳ್ಳೆಯದು, ಬೆಳಕು ಎಡಗಡೆಯಿಂದ ಬರುತ್ತದೆ ಅಂದುಕೊಂಡೆ, ಇಟ್ಟೆ, ಕತ್ತರಿಸಿದೆ.

ಮರುದಿನ ಬೆಳಿಗ್ಗೆ ಗೊತ್ತಾಗಿದ್ದು. ನಾನು ಬಗ್ಗಿ ಬೇರೆ ಯಾರದೋ ಪ್ಯಾಂಟಿನ ಅಂಚಿಗೆ ಸೂಜಿ ಚುಚ್ಚುತ್ತಿದ್ದೆ, ಮೆಷಿನ್ನಿನವಳು ಎರಡು ತುಂಡನ್ನೂ ಎತ್ತಿಕೊಂಡು ಬಂದು, ಇದೆಂಗೆ ಜೋಡಿಸ್ಲಿ ಅಮ್ಮಾ, ಎಷ್ಟು ತಿರುಗಿಸಿದ್ರೂ ಒಂದರ ಮೊಣಕೈ ಹಿಂದಕ್ಕೆ ಬಾಗುತ್ತೆ ಅಂದಳು, ಅಂಗಡಿಯಮ್ಮ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು, ಸರಿಯಾಗಿ ಕೂತವು, ಅಂಚಿಗೆ ಅಂಚು, ಕೂರಬಾರದಿತ್ತು. ಮೆಷಿನ್ನುಗಳು ಒಂದೊಂದಾಗಿ ನಿಂತವು, ಮಾಸ್ತರೇ, ಇದೇನಿದು. ಮಾಸ್ತರು ಎದ್ದು ಬಂದರು, ತುಂಡನ್ನು ಕೈಗೆ ತೆಗೆದುಕೊಂಡರು, ಕಣ್ಣಿನ ಹತ್ತಿರ ಒಯ್ಯಲಿಲ್ಲ, ಹೆಬ್ಬೆರಳನ್ನು ಮೇಲಿನ ತಿರುವಿನ ಮೇಲೆ ನಿಧಾನ ಓಡಿಸಿದರು, ಮುಂದಿನ ತಗ್ಗು, ಹಿಂದಿನ ಉಬ್ಬು, ಆಮೇಲೆ ಇನ್ನೊಂದರ ಮೇಲೆ, ಮುಂದಿನ ತಗ್ಗು, ಹಿಂದಿನ ಉಬ್ಬು, ಬೆರಳು ನಿಂತಿತು. ಎರಡೂ ಎಡ ಅಂದರು, ಮೆಲ್ಲಗೆ, ಯಾರಿಗೂ ಅಲ್ಲ ಅನ್ನುವ ಹಾಗೆ. ಆಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಒಂದು ನಿಮಿಷ ಇರಲಾರದು, ಇರಬಹುದು, ಆ ನಿಮಿಷ ನನಗಾಗಿ ಇಟ್ಟಿದ್ದು, ಈಗ ನನಗೆ ಅದು ಸ್ಪಷ್ಟವಾಗಿ ಗೊತ್ತು, ಅವರು ನನ್ನ ಕಡೆ ತಿರುಗಲಿಲ್ಲ, ತಿರುಗಿದರೂ ನನ್ನ ಮುಖ ಅವರಿಗೆ ಕಾಣುವುದಿಲ್ಲ, ಮುಖ ಇರುವಲ್ಲಿ ಕಪ್ಪು ಚುಕ್ಕೆ, ಆದರೆ ಕಾದರು, ಕಿವಿ ಕೊಟ್ಟು ಕಾದರು. ನನ್ನ ಬಾಯಿಯಲ್ಲಿ ಗುಂಡುಸೂಜಿಗಳಿದ್ದವು. ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ಕೆಲಸ ಮಾಡುವುದು ನಮ್ಮ ಅಭ್ಯಾಸ, ಬಾಯಲ್ಲಿ ಸೂಜಿ ಇರುವಾಗ ಮಾತಾಡಬಾರದು, ನುಂಗಿಬಿಡ್ತೀಯ ಅಂತ ಇದೇ ಮಾಸ್ತರು ಮೊದಲ ದಿನ ಬೈದಿದ್ದರು. ಅದಕ್ಕೇ ಮಾತಾಡಲಿಲ್ಲ. ಎಷ್ಟು ಸೂಜಿ, ನಾಲ್ಕು. ನಾಲ್ಕು ಸೂಜಿ ಉಗುಳಲು ಎಷ್ಟು ಹೊತ್ತು ಬೇಕು. ಅಂಗೈಗೆ ಥೂ ಅಂದರೆ ಆಯಿತು. ಆಮೇಲೆ ಅವರು ಕೆಮ್ಮಿ, ಕಣ್ಣು ಮಂಜಾಗಿದೆ ಅಮ್ಮಾ, ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ನಂದೇ ತಪ್ಪು ಅಂದರು. ಸೂಜಿಯ ಲೋಹದ ರುಚಿ ಈಗಲೂ ತುಟಿಯ ಒಳಗೆ ಇದೆ, ನೀರು ಕುಡಿದರೆ ಹೋಗುವುದಿಲ್ಲ.

ಗಿರಾಕಿಯ ಬಟ್ಟೆ ಕೆಡಿಸಿದವರು ಕತ್ತರಿ ಕೆಳಗಿಡಬೇಕು, ಇದು ಅಂಗಡಿಯಮ್ಮ ಮಾಡಿದ ನಿಯಮವಲ್ಲ, ಮಾಸ್ತರೇ ಮಾಡಿದ್ದು, ಹಿಂದೆ ಇನ್ನೊಬ್ಬನನ್ನು ಇದೇ ಮಾತಿಗೆ ಕಳಿಸಿದ್ದರಂತೆ, ಈಗ ತಮ್ಮದೇ ಮಾತಿಗೆ ತಾವೇ ಸಿಕ್ಕಿಕೊಂಡರು. ಅಂಗಡಿಯಮ್ಮ ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ, ಮೂವತ್ತೊಂದು ವರ್ಷ ದುಡಿದಿದ್ದೀರಿ ಮಾಸ್ತರೇ, ಮನೇಲಿ ಸುಧಾರಿಸ್ಕೊಳ್ಳಿ, ಇನ್ನು ಸಾಕು ಅಂದರು, ಮಾಸ್ತರು ಸಾಕು ಅಂತಲೇ ತಲೆಯಾಡಿಸಿದರು, ಆಮೇಲೆ ಅಂಗಡಿಯಮ್ಮ ನನ್ನನ್ನು ಕರೆದು, ನಿನಗೆ ಬರುತ್ತಲ್ವಾ, ಡಿಪ್ಲೊಮಾ ಬೇರೆ ಆಗಿದೆ ಅಂದರು, ಬರುತ್ತೆ ಅಮ್ಮಾ ಅಂದೆ. ಆಗ ಬಾಯಲ್ಲಿ ಸೂಜಿ ಇರಲಿಲ್ಲ. ಆ ಸಂಜೆಯೇ ಮನೆಯೊಡತಿಗೆ ಫೋನು ಮಾಡಿ ಕೋಣೆ ನನಗಿರಲಿ ಅಂದೆ. ಐದು ದಿನ ಬಿಟ್ಟು ಮಾಸ್ತರು ತಮ್ಮ ಊಟದ ಡಬ್ಬಿ, ಬೆರಳ ಟೋಪಿ, ಮೊಣಕಾಲಿಗೆ ಹಾಕಿಕೊಳ್ಳುವ ಪಟ್ಟಿ ಒಯ್ಯಲು ಬಂದರು, ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿದರು, ಕೆಲಸಕ್ಕೆ ಬರುವಾಗ ಒಂದು ದಿನವೂ ಹಾಗೆ ಹತ್ತಿದವರಲ್ಲ, ಇಷ್ಟು ದಿನ ಕಣ್ಣು ಕಾಣುವವರ ಹಾಗೆ ನಡೆಯಲು ಎಷ್ಟು ಕಷ್ಟಪಟ್ಟಿರಬೇಕು. ಮೇಜಿನ ಹತ್ತಿರ ನಿಂತು, ಇಂಜಿನಿಯರಮ್ಮಾ ಇದೀಯಾ ಅಂದರು. ಇದೀನಿ ಮಾಸ್ತರೇ. ಕತ್ತರಿ ಬಿಟ್ಟು ಹೋಗ್ತಿದೀನಿ, ವಾರಕ್ಕೊಂದ್ಸಲ ಎಣ್ಣೆ ತೋರಿಸು, ಅದರಲ್ಲಿ ಕಾಗದ ಕತ್ತರಿಸ್ಬೇಡ. ಅಷ್ಟೇ. ಬೈಯಲಿಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ಆ ಭಾನುವಾರ ನಾನು ಹೊಸ ನಮೂನೆಯನ್ನು ಅದೇ ಕತ್ತರಿಯಲ್ಲಿ ಕತ್ತರಿಸಿದ್ದೆ, ಬೀಗದ ಕೈ ಅಂಗಡಿಯಮ್ಮನಿಂದ ಕೇಳಿ ತೆಗೆದುಕೊಂಡು ಬಂದು, ಕಾಗದ ಕತ್ತರಿಸಿದ ಕತ್ತರಿ ಬಟ್ಟೆಯನ್ನು ಅಗಿಯುತ್ತದೆ, ಅವರ ಕೈಗೆ ಅದೂ ತಿಳಿದಿತ್ತು, ಆ ಒಂದು ಮಾತಿನಲ್ಲಿ ಎಲ್ಲ ಹೇಳಿ ಹೋದರೋ, ಅಥವಾ ಎಲ್ಲ ಮಾಸ್ತರರೂ ಹೇಳುವ ಮಾತು ಹೇಳಿ ಹೋದರೋ. ಯಾಕೆ ಹೊತ್ತುಕೊಂಡರು. ನನ್ನ ಮೇಲಿನ ಅಕ್ಕರೆಗೆ ಅಂದುಕೊಂಡರೆ ಎದೆ ಹಿಂಡುತ್ತದೆ, ನಾನು ಕತ್ತರಿಸಿದ್ದು ಅಂದರೆ ತಮ್ಮ ಕಣ್ಣಿನ ಗುಟ್ಟು ಹೊರಬೀಳುತ್ತದೆ, ಒಂದೂವರೆ ವರ್ಷದ ಹೊಗಳಿಕೆ ಸುಳ್ಳಾಗುತ್ತದೆ, ಮೂವತ್ತೊಂದು ವರ್ಷದ ಹೆಸರಿನ ಕೊನೆಯ ಎಳೆ ತಮ್ಮ ಕೈಯದೇ ಆಗಿರಲಿ, ತಪ್ಪಾದರೂ ತಮ್ಮದೇ ಆಗಿರಲಿ ಅಂತ ಅಂದುಕೊಂಡರೆ ಸ್ವಲ್ಪ ಉಸಿರಾಡಲು ಬರುತ್ತದೆ, ಅದಕ್ಕೇ ನಾನು ದಿನಾ ಎರಡನೆಯದನ್ನು ಅಂದುಕೊಳ್ಳುತ್ತೇನೆ. ಈಗ ಹೇಳಿದರೆ ಅವರ ಮರ್ಯಾದೆಯೇ ಹೋಗುತ್ತದೆ, ಸುಳ್ಳುಗಾರ ಅನ್ನಿಸಿಕೊಳ್ಳುತ್ತಾರೆ, ಅವರಿಗಾಗಿಯೇ ಸುಮ್ಮನಿದ್ದೇನೆ ಅಂತಲೂ ಅಂದುಕೊಳ್ಳುತ್ತೇನೆ, ಎಷ್ಟು ಚೆನ್ನಾಗಿ ಹೊಲಿಯುತ್ತೇನೆ, ಹೊಲಿಗೆ ಎಲ್ಲೂ ಕಾಣುವುದಿಲ್ಲ.

ಕಾಜಾ ಅಕ್ಕನಿಗೆ ಕಾಣುತ್ತದೆ. ಈಗಷ್ಟೇ ಗುಂಡಿಯ ಡಬ್ಬಿ ಹಿಡಿದು ಬಂದು ಮೇಜಿಗೆ ಒರಗಿ ನಿಂತಿದ್ದಾಳೆ, ಹೊಸ ಮಾಸ್ತರಿಗೆ ನಮಸ್ಕಾರ ಅನ್ನುತ್ತಾಳೆ, ಸೀರೆ ಉಟ್ಟ ಮಾಸ್ತರನ್ನ ಇದೇ ಮೊದ್ಲು ನೋಡ್ತಿರೋದು ಅನ್ನುತ್ತಾಳೆ, ನಾನು ನಗುತ್ತೇನೆ, ಅವಳೂ ನಗುತ್ತಾಳೆ, ಮೊಳೆಯ ಕಡೆ ನೋಡುತ್ತಾಳೆ. ಅಲ್ವೇ, ಆ ಮನುಷ್ಯನಿಗೆ ಕಣ್ಣು ಹೋಗಿ ಒಂದು ವರ್ಷದ ಮೇಲಾಯ್ತು, ಬಸ್ ನಂಬರ್ ನನ್ನನ್ನೇ ಕೇಳ್ತಿದ್ರು, ಅಷ್ಟು ದಿನ ತೋಳು ಯಾರು ಕತ್ತರಿಸ್ತಿದ್ರು ಅಂತ ನಾನು ಯಾರನ್ನೂ ಕೇಳಿಲ್ಲಪ್ಪ. ನನ್ನ ಕೈ ಹೆಗಲಿಗೆ ಹೋಯಿತು, ಅಳತೆ ಪಟ್ಟಿ ಜಾರಿತ್ತು, ಸರಿ ಮಾಡಿಕೊಂಡೆ, ಅವಳು ಕೈಯನ್ನೇ ನೋಡಿ, ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದೇ ಇಲ್ವಲ್ಲೇ ಅಂದಳು. ಅಕ್ಕಾ – ಅಂದೆ. ಅವಳು ಡಬ್ಬಿಯನ್ನು ಅಲ್ಲಾಡಿಸಿ ಒಂದು ಗುಂಡಿ ಹೆಕ್ಕಿ ಬೆಳಕಿಗೆ ಹಿಡಿದಳು, ನನಗೇನು ಹೇಳ್ಬೇಡ ತಾಯಿ, ನನಗೆ ಇಬ್ಬರು ಮಕ್ಕಳಿದಾರೆ, ನಾಳೆ ನೀನು ಹೇಳಿದ ಕೆಲಸ ನಾನು ಮಾಡ್ಬೇಕು, ಮಾತು ಆಡಿದ್ರೆ ಹೋಯ್ತು ಮುತ್ತು ಒಡೆದ್ರೆ ಹೋಯ್ತು ಅಂತಾರೆ, ಆಡದೇ ಇದ್ರೆ ಏನು ಹೋಗುತ್ತೆ ಅಂತ ಗಾದೆ ಮಾಡಿದವನಿಗೂ ಗೊತ್ತಿರಲಿಲ್ಲ. ಹೋದಳು. ನಾಳೆಯಿಂದ ಅವಳು ನನ್ನನ್ನು ಬಹುವಚನದಲ್ಲಿ ಕರೆಯುತ್ತಾಳೆ, ಬನ್ನಿ ಹೋಗಿ ಅನ್ನುತ್ತಾಳೆ, ಅದೇ ಶಿಕ್ಷೆ ಅಂತ ಅವಳಿಗೂ ಗೊತ್ತು.

ಕಾಗದದ ನಮೂನೆಯನ್ನು ನಾನು ಹರಿದು ಹಾಕಿದೆ. ಮಾಸ್ತರರ ಹಳೆಯ ರಟ್ಟು ಮೊನ್ನೆ ಮೇಜಿನ ಕೆಳಗೆ ಗುಡಿಸುವಾಗ ಚಿಂದಿಯ ನಡುವೆ ಸಿಕ್ಕಿತು, ನಾನೇ ಅಲ್ಲಿಗೆ ತಳ್ಳಿದ್ದೆ, ಈಗ ಅದು ಕಾರ್ಡುರಾಯಿನ ಮೇಲೆ ಇದೆ, ಸಮನಾಗಿ ಕೂರುವುದಿಲ್ಲ, ತೇಪೆ ಎತ್ತುತ್ತದೆ. ಯಾವತ್ತೂ ನಾನು ಆ ತೇಪೆಯನ್ನು ಬೆರಳಿನಿಂದ ತಡವಿ ನೋಡಿರಲಿಲ್ಲ, ನೋಡಿ ಮುಖ ಸಿಂಡರಿಸಿದ್ದೆ ಅಷ್ಟೇ. ಒರಟು ಬಟ್ಟೆ, ಹೆಬ್ಬೆರಳಿನಷ್ಟು ಅಗಲ, ನಾಲ್ಕು ಅಂಚಿಗೂ ಚೊಕ್ಕವಾಗಿ ಗೋಂದು, ಇನ್ನೊಂದು ಮಗ್ಗುಲು ನುಣುಪು. ಬೆರಳಿಗೆ ಒರಟು ಸಿಕ್ಕಿದರೆ ಎಡ, ನುಣುಪು ಸಿಕ್ಕಿದರೆ ಬಲ. ಅವರು ತಮಗಾಗಿ ಅಂಟಿಸಿಕೊಂಡದ್ದೆಂದು ಮೊದಲು ಅಂದುಕೊಂಡೆ, ಕಣ್ಣು ಕಾಣದವರಿಗೆ ಬೇಕಲ್ಲ. ಆದರೆ ಅವರು ತೋಳು ಕತ್ತರಿಸುವುದನ್ನು ಬಿಟ್ಟು ಒಂದೂವರೆ ವರ್ಷವಾಗಿತ್ತು, ಗೋಂದು ಹೊಸದು, ಇನ್ನೂ ಹಳದಿಗೆ ತಿರುಗಿಲ್ಲ, ತೇಪೆಯ ಬಟ್ಟೆ ಕಳೆದ ವರ್ಷ ನಾನೇ ಕತ್ತರಿಸಿದ ಬೂದು ಕೋಟಿನದು. ತೋಳು ಕತ್ತರಿಸುತ್ತಿದ್ದವಳು ನಾನು. ಕಿಟಕಿ, ಬೀಗ, ಓಣಿಯ ಮಂಚ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಕತ್ತರಿಸುವವಳು ಅಂತ ನನ್ನ ಉಸಿರಿನಿಂದಲೇ ತಿಳಿದಿರಬೇಕು ಅವರಿಗೆ, ಹೇಳಿದರೆ ನಾನು ಮುನಿಸಿಕೊಳ್ಳುತ್ತೇನೆಂದು ಹೇಳದೆ ಅಂಟಿಸಿದರು. ನಾನು ಅದನ್ನು ಗಲೀಜು ಅಂದುಕೊಂಡು ಮೇಜಿನ ಕೆಳಗೆ ತಳ್ಳಿದೆ. ಎರಡು ಕಡೆಯೂ ಚೊಕ್ಕವಾದ ಬಿಳಿ ಕಾಗದ ತಂದೆ.

ಚಪ್ಪಲಿಯ ಸದ್ದು. ಅಂಗಡಿಯಮ್ಮ ಒಳಗೆ ಬಂದು ಮೇಜಿನ ಈ ತುದಿಯಲ್ಲಿ, ಆರು ವರ್ಷ ನಾನು ನಿಂತಿದ್ದ ತುದಿಯಲ್ಲಿ ನಿಲ್ಲುತ್ತಾರೆ, ಕೈಯಲ್ಲಿ ಎರಡು ಲೋಟ ಚಹಾ, ಒಂದನ್ನು ನನ್ನ ಮುಂದೆ, ಬಟ್ಟೆಯಿಂದ ದೂರಕ್ಕೆ, ಇಡುತ್ತಾರೆ, ಮಾಸ್ತರಿಗೆ ತಾವೇ ತಂದಿಡುತ್ತಿದ್ದ ಹಾಗೆ. ಬಟ್ಟೆ ನೋಡುತ್ತಾರೆ. ಕೆಂಪು ಎದ್ದು ಕಾಣುತ್ತಾ, ಅನ್ನುತ್ತಾರೆ. ಬೆಳಕಲ್ಲಿ ನೋಡಿದ್ರೆ ಮಾತ್ರ ಅಮ್ಮಾ. ಅಂಚೆಯವರಿಗೆ ಹೇಳಿದೀನಿ, ಮಾಸ್ತರಿಗೆ ಕಣ್ಣು ಹೋಗಿತ್ತು, ಕ್ಷಮಿಸಿ ಅಂತ, ಪಾಪ, ಅವರೇ ಬಿಡಿ ಬಿಡಿ ವಯಸ್ಸಾದ್ರೆ ಎಲ್ಲರಿಗೂ ಇದ್ದದ್ದೇ ಅಂದ್ರು. ಹೌದಾ ಅಂದೆ. ಒಳ್ಳೆ ಜನ. ಹೌದಮ್ಮಾ. ಚಹಾದ ಮೇಲೆ ಕೆನೆ ಕಟ್ಟುತ್ತಿದೆ. ಹ್ಞಾಂ, ಬೆಳಿಗ್ಗೆ ಏನೋ ಹೇಳ್ಬೇಕು ಅಂದಿದ್ಯಲ್ಲ, ಏನದು. ಮೆಷಿನ್ನುಗಳು ಓಡುತ್ತಿವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ, ಅವರ ಮುಖದಲ್ಲಿ ಕೋಪವಿಲ್ಲ, ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ. ಚೀಲದಲ್ಲಿ ಕೋಣೆಯ ಬೀಗದ ಕೈ ಇದೆ, ಒಂದು ಸಲ ಎತ್ತಿ ತಿರುಗಿಸಬೇಕು. ಅತ್ತಿಗೆ ನಿನ್ನೆ ಓಣಿಯ ಮಂಚವನ್ನು ಮಡಚಿ ಅಟ್ಟಕ್ಕೆ ಹಾಕಿದಳು, ಇನ್ನು ಬೇಕಾಗಲ್ಲ ಅಲ್ವಾ ಅಂದಳು, ಅಣ್ಣ ಮೊದಲ ಸಲ ಮಾಸ್ತರ್ರು ಏನಂತಾರೆ ಅಂದ ನನ್ನನ್ನು, ತಮಾಷೆಗಲ್ಲ. ನಾಲಿಗೆ ತುಟಿಯ ಒಳಗೆ ಹುಡುಕುತ್ತದೆ, ಸೂಜಿಗಳಿಲ್ಲ, ಒಂದೂ ಇಲ್ಲ, ಇವತ್ತು ಬಾಯಿಗೆ ಸೂಜಿ ಹಾ‌ಕಿಕೊಂಡೇ ಇಲ್ಲ, ಬೇಕೆಂದೇ ಹಾಕಿಕೊಂಡಿಲ್ಲ, ಬಾಯಿ ಖಾಲಿ ಇದೆ.

ಸೀಮೆಸುಣ್ಣ ತೀರ್ತಾ ಬಂತು ಅಮ್ಮಾ, ಅದೇ ಹೇಳೋಣ ಅಂತ.

ಅಷ್ಟೇನಾ, ನಾಳೆ ತರಿಸ್ತೀನಿ ಬಿಡು – ಹೋದರು. ಸೀಮೆಸುಣ್ಣ ಡಬ್ಬಿಯ ತುಂಬ ಇದೆ. ರಟ್ಟನ್ನು ಇಡುತ್ತೇನೆ, ಒರಟು ಬೆರಳಿಗೆ ಸಿಗುತ್ತದೆ, ಎಡ, ಗೆರೆ, ಕತ್ತರಿ, ಖರ್‌ರ್, ಸದ್ದು ಮೇಜಿನಿಂದ ಬರುತ್ತದೆ, ಹೊಟ್ಟೆಗೆ ಬರುವುದಿಲ್ಲ, ರಟ್ಟನ್ನು ಮಗುಚುತ್ತೇನೆ, ನುಣುಪು, ಮತ್ತೆ ಮುಟ್ಟಿ ನೋಡುತ್ತೇನೆ, ನುಣುಪು, ಮತ್ತೆ, ಬಲ, ಗೆರೆ, ಕತ್ತರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎದುರುಬದುರು ಬಾಗಿವೆ, ಒಂದು ಎಡ, ಒಂದು ಬಲ, ಯಾರೋ ಅಪ್ಪಿಕೊಳ್ಳಲು ಚಾಚಿದ ಹಾಗೆ, ತಪ್ಪಿಲ್ಲ, ಎಲ್ಲೂ ತಪ್ಪಿಲ್ಲ, ನಾಲ್ಕು ಗಂಟೆಗೆ ಅಂಚೆಯವರು ಕನ್ನಡಿಯ ಮುಂದೆ ಕೈಯೆತ್ತಿ ಇಳಿಸುತ್ತಾರೆ, ಬೆಣ್ಣೆ ಥರ ಇದೆ ಅನ್ನುತ್ತಾರೆ, ಯಾರ ಕೈ ಅಂತ ಈ ಸಲ ಹೇಳಬಹುದು, ನನ್ನ ಕೈ ಅನ್ನಬಹುದು, ಚಹಾ ಆರಿದೆ, ಕುಡಿಯಬೇಕು, ಕತ್ತರಿಗೆ ಎಣ್ಣೆ ತೋರಿಸಬೇಕು, ಸಂಜೆ ಕೋಣೆಗೆ ಹೋಗಿ ಕಿಟಕಿ ಒರೆಸಬೇಕು – ಆವಿ ಸುಯ್ಯೆಂದಿತು – ಆ ಹಳೆಯ ತೋಳುಗಳಲ್ಲಿ ಒಂದನ್ನು ಉಲ್ಟಾ ಮಾಡಿದರೆ ಅದು ಬಲವಾಗುತ್ತದೆ, ಹೌದು, ಒಳಮೈ ಹೊರಗೆ ಬರುತ್ತದೆ ಅಷ್ಟೇ, ಒಳಮೈಯನ್ನು ಯಾರೂ ತೊಡುವುದಿಲ್ಲ – ಅತ್ತ ನೋಡಬಾರದು, ಮೊಳೆ, ಮೊಳೆಗೆ ಎರಡು, ಎರಡೂ ಕಂದು, ಎರಡರ ಮೊಣಕೈಯೂ ಒಂದೇ ಕಡೆಗೆ, ಎರಡೂ ಎಡ, ಎರಡೂ ಎಡ